ಕ್ಯಾಸೆಟ್ಟಿಗೇರಿದ ಕವಿತೆ

ಕೊಂಡು ಓದದವರೂ ಕವಿತೆಯನ್ನು ಕೊಂಡು ಕೇಳಬಲ್ಲರು! ಕನ್ನಡದಲ್ಲಿ ಇದನ್ನು ತೋರಿಸಿಕೊಟ್ಟದ್ದು 1978ರ ‘ನಿತ್ಯೋತ್ಸವ’. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಈ ಧ್ವನಿಸುರುಳಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದೇ ಹೆಸರಾಗಿದೆ. ಸಿನಿಮಾದ ನಂಟಿಲ್ಲದೆಯೂ ಮನೆಮಾತಾಯಿತು. ಶೀರ್ಷಿಕೆ ಗೀತೆಯಂತೂ ರಾಜ್ಯೋತ್ಸವದ ವೇದಿಕೆಗಳಲ್ಲಿ ಕಾಯಂ.

ಹಾಡಾಗಿಯೇ ಹಬ್ಬುವ ಕಾವ್ಯ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಹೊಸದೇನಲ್ಲ.

ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳು ಕ್ಯಾಸೆಟ್ಟಿಗೂ ಬಹಳ ಮೊದಲೇ ಏಕತಾರಿ, ತಾಳಗಳೊಂದಿಗೆ ಭಜನೆಯವರ ಬಾಯಲ್ಲಿ ಊರೂರು ತಿರುಗಿದವು. ಮಾರಾಟದ ಲೆಕ್ಕ ಇಡಲು ಅಲ್ಲಿ ಅಂಗಡಿಯೇ ಇರಲಿಲ್ಲ. ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಕೂಡ ಪದ ಕಟ್ಟಿದವರೇ.