ಮೊದಲು ಯುದ್ಧಕ್ಕೆ ಒಪ್ಪಿಗೆ, ಆಮೇಲೆ ಆತ್ಮರಕ್ಷಣೆಗೆ: ಕ್ರೈಸ್ತ ಚಿಂತನೆಯ ಒಂದು ಹಳೇ ವಾದ

"ಯುದ್ಧ ತಪ್ಪು, ಆದ್ರೆ ನನ್ನ ಮೇಲೆ ಬಿದ್ದವನಿಗೆ ತಿರುಗಿಸಿ ಹೊಡೆಯೋದು ನನ್ನ ಹಕ್ಕು." ನಮ್ಮಲ್ಲಿ ಬಹಳ ಜನ ಯೋಚಿಸೋದು ಹೀಗೇ ಅಲ್ವಾ? ಕ್ರೈಸ್ತ ಚಿಂತನೆಯಲ್ಲಿ ಇದು ಉಲ್ಟಾ ನಡೆಯಿತು. ಅದು ಹೇಗೆ ಅಂತ ಇವತ್ತು ನೋಡೋಣ.

ಕ್ರಿ.ಶ. 295. ಉತ್ತರ ಆಫ್ರಿಕಾದ ತೆವೆಸ್ತೆ, ಅಂದರೆ ಈಗಿನ ಅಲ್ಜೀರಿಯಾದ ತೆಬೆಸ್ಸಾ. ಮ್ಯಾಕ್ಸಿಮಿಲಿಯನ್ ಎಂಬ 21 ವರ್ಷದ ಹುಡುಗನನ್ನು ರೋಮನ್ ಸೈನ್ಯಕ್ಕೆ ಸೇರಿಸಲು ಕರೆತಂದರು. ತಾನು ಕ್ರೈಸ್ತ, ಸೈನಿಕನಾಗಲಾರೆ ಅಂದ. ಚಕ್ರವರ್ತಿಗಳ ಸೇನೆಯಲ್ಲೇ ಕ್ರೈಸ್ತರಿದ್ದಾರಲ್ಲ ಅಂತ ಅಧಿಕಾರಿ ಕೇಳಿದ. ಅವರಿಗೆ ಸರಿ ಅನ್ನಿಸಿದ್ದು ಅವರಿಗೆ, ನನ್ನಿಂದ ಆಗಲ್ಲ ಅನ್ನೋದು ಹುಡುಗನ ಉತ್ತರ. ತಲೆ ಕಡಿದರು. ಗಮನಿಸಿ, ಆಗಲೂ ಎಲ್ಲರದ್ದೂ ಒಂದೇ ನಿಲುವಾಗಿರಲಿಲ್ಲ.

ಮುಂದೆ ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪರ ನಿಂತ. 380ರಲ್ಲಿ ಕ್ರೈಸ್ತ ಧರ್ಮವೇ ಸಾಮ್ರಾಜ್ಯದ ಅಧಿಕೃತ ಧರ್ಮವಾಯಿತು. ಈಗ ಗಡಿ ಕಾಯುವ ಹೊಣೆಯೂ ಕ್ರೈಸ್ತರ ಹೆಗಲಿಗೆ ಬಂತು. 410ರಲ್ಲಿ ರೋಮ್ ನಗರವನ್ನೇ ವಿಸಿಗಾತರು ಲೂಟಿ ಮಾಡಿದರು. ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಈ ಕಾಲದವನು. 430ರಲ್ಲಿ ಅವನು ಸತ್ತಾಗ ವ್ಯಾಂಡಲರು ಅವನ ಊರನ್ನೇ ಮುತ್ತಿಗೆ ಹಾಕಿದ್ದರು.

ಅಗಸ್ಟೀನನ ತರ್ಕ ಹೀಗಿದೆ: ನನ್ನ ಕೆನ್ನೆಗೆ ಬಿದ್ದ ಏಟನ್ನು ನಾನು ಸಹಿಸಬಹುದು, ಆದರೆ ಪಕ್ಕದವನಿಗೆ ಬೀಳೋ ಏಟಿಗೆ ಸುಮ್ಮನಿರೋದು ಪ್ರೀತಿಯಾ? ಹಾಗಾಗಿ ನ್ಯಾಯವಾದ ಕಾರಣಕ್ಕೆ, ಅಧಿಕಾರ ಇರುವವರ ಆಜ್ಞೆಯಂತೆ, ಶಾಂತಿಗಾಗಿ ನಡೆಯುವ ಯುದ್ಧವನ್ನು ಅವನು ಒಪ್ಪಿದ. ಆದರೆ ಸಾಮಾನ್ಯ ಮನುಷ್ಯ ತನ್ನ ಪ್ರಾಣ ಉಳಿಸಿಕೊಳ್ಳಲು ಇನ್ನೊಬ್ಬನನ್ನು ಕೊಲ್ಲೋದು ತನಗೆ ಒಪ್ಪಿಗೆಯಿಲ್ಲ ಎಂದು ಪಬ್ಲಿಕೋಲ ಎಂಬವನಿಗೆ ಪತ್ರ ಬರೆದ. ಸೈನಿಕ ಹೋರಾಡೋದು ಬೇರೆಯವರಿಗಾಗಿ. ಒಂದಲ್ಲ ಒಂದು ದಿನ ಹೋಗೋ ನನ್ನ ಪ್ರಾಣಕ್ಕಾಗಿ ಕೊಲ್ಲೋದು ಬರೀ ಸ್ವಾರ್ಥ.

ಈ ಗಂಟನ್ನು ಸಡಿಲಿಸಿದವನು 13ನೇ ಶತಮಾನದ ತಾಮಸ್ ಅಕ್ವಿನಾಸ್. ಒಂದೇ ಕೆಲಸಕ್ಕೆ ಎರಡು ಪರಿಣಾಮ ಇರಬಹುದು ಅಂದ: ನನ್ನ ಜೀವ ಉಳಿಯೋದು, ಎದುರಿನವನು ಸಾಯೋದು. ನನ್ನ ಉದ್ದೇಶ ಮೊದಲನೆಯದಷ್ಟೇ ಆಗಿದ್ದರೆ ಪಾಪವಲ್ಲ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಬಲ ಬಳಸಿದರೆ ತಪ್ಪು. ನಮ್ಮ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಓದಿ. ಆತ್ಮರಕ್ಷಣೆಯ ಹಕ್ಕಿಗೆ ಅಲ್ಲೂ ಇಂಥದ್ದೇ ಮಿತಿ ಇದೆ.

ಹಾಗಂತ ಮ್ಯಾಕ್ಸಿಮಿಲಿಯನ್ ದಾರಿ ಮುಚ್ಚಿಹೋಗಲಿಲ್ಲ. 16ನೇ ಶತಮಾನದಲ್ಲಿ ಅನಾಬ್ಯಾಪ್ಟಿಸ್ಟ್ ಪಂಥದ ಅನೇಕರು ಕತ್ತಿಯೇ ಬೇಡ ಅಂದರು. ಅವರಲ್ಲೊಬ್ಬ ನೆದರ್ಲೆಂಡ್ಸಿನ ಆಸ್ಪೆರೆನ್ ಊರಿನ ಡಿರ್ಕ್ ವಿಲೆಮ್ಸ್. ನಂಬಿಕೆಯ ಕಾರಣಕ್ಕೆ ಸೆರೆಯಾಗಿದ್ದವನು ತಪ್ಪಿಸಿಕೊಂಡು ತೆಳು ಮಂಜುಗಡ್ಡೆ ದಾಟಿದ. ಬೆನ್ನಟ್ಟಿ ಬಂದವನು ನೀರಿಗೆ ಬಿದ್ದ. ಇಲ್ಲಿ ಅಕ್ವಿನಾಸನ ಲೆಕ್ಕಕ್ಕೂ ಸಿಗದ ಎಡ್ಜ್ ಕೇಸ್ ಬಂತು ನೋಡಿ: ಡಿರ್ಕ್ ಯಾರನ್ನೂ ಹೊಡೆಯಬೇಕಿರಲಿಲ್ಲ, ಸುಮ್ಮನೆ ಓಡಿದ್ದರೆ ಸಾಕಿತ್ತು. ಅವನು ತಿರುಗಿ ಬಂದು ಆ ಮನುಷ್ಯನನ್ನು ಮೇಲೆತ್ತಿದ. ಮತ್ತೆ ಸಿಕ್ಕಿಬಿದ್ದ. 1569ರಲ್ಲಿ ಅವನನ್ನು ಜೀವಂತ ಸುಟ್ಟರು.

ಇವರಲ್ಲಿ ಯಾರೂ ಪುಕ್ಕಲರಲ್ಲ. ಯಾರ ಜೀವಕ್ಕಾಗಿ ಎಷ್ಟು ಬಲ ಬಳಸಬಹುದು ಅನ್ನೋದಷ್ಟೇ ಅವರ ಜಗಳ. ನಿಮಗೆ ಯಾರ ಮಾತು ಸರಿ ಅನ್ಸುತ್ತೆ? ಕಾಮೆಂಟಿನಲ್ಲಿ ಬರೆಯಿರಿ, ಮಾತು ಮುಂದುವರಿಸೋಣ.