ಆರೋಗ್ಯ ವಿಮೆ ಕ್ಲೇಮ್ ತಿರಸ್ಕೃತವಾಯಿತೇ? ಕಂಪನಿ ಪಾಲಿಸಲೇಬೇಕಾದ ನಿಯಮಗಳೇನು, ದೂರು ಕೊಡುವುದೆಲ್ಲಿ? ಇಲ್ಲಿದೆ ಮಾಹಿತಿ

ದೇವಳಾಲಿ ಕ್ಯಾಂಪ್ (ನಾಸಿಕ್): ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಆರೋಗ್ಯ ವಿಮೆ ಮಾಡಿಸಿ, ಕೆಲಸದ ನಿಮಿತ್ತ ಮಹಾರಾಷ್ಟ್ರದ ದೇವಳಾಲಿ ಕ್ಯಾಂಪ್, ನಾಸಿಕ್ ಅಥವಾ ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸುವ ಕುಟುಂಬಗಳಿಗೆ ಎರಡು ಪ್ರಶ್ನೆಗಳು ಸಹಜ. ಕ್ಲೇಮ್ ನಿರಾಕರಿಸಿದರೆ ಕಾರಣ ಕೇಳುವ ಹಕ್ಕಿದೆಯೇ? ದೂರು ಕೊಡಲು ಪಾಲಿಸಿ ಮಾಡಿಸಿದ ಊರಿಗೇ ಹೋಗಬೇಕೇ? ಕಾರಣ ಕೇಳುವ ಹಕ್ಕಿದೆ, ಊರಿಗೆ ಹೋಗಬೇಕಿಲ್ಲ. 2024ರಲ್ಲಿ ಜಾರಿಗೆ ಬಂದ ನಿಯಮಗಳು ಹೆಚ್ಚಿನ ಹೊಣೆಯನ್ನು ವಿಮಾ ಕಂಪನಿಯ ಮೇಲೆಯೇ ಹೊರಿಸಿವೆ.

ಗಡುವು ಎಷ್ಟು?

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ (ಐಆರ್‌ಡಿಎಐ) 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೋರಿಕೆ ಬಂದ 1 ಗಂಟೆಯೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ಅಂತಿಮ ಅನುಮೋದನೆ ನೀಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ವಿಧಿಸಿದರೆ ಅದನ್ನು ಕಂಪನಿಯೇ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು.

ಚಿಕಿತ್ಸೆ ವೇಳೆ ರೋಗಿ ಮೃತಪಟ್ಟರೆ ಕಂಪನಿ ತಕ್ಷಣ ಕ್ಲೇಮ್ ಪರಿಶೀಲಿಸಿ, ಪಾರ್ಥಿವ ಶರೀರ ಕೂಡಲೇ ಕುಟುಂಬಕ್ಕೆ ಸಿಗುವಂತೆ ನೋಡಿಕೊಳ್ಳಬೇಕು ಎಂದೂ ಸುತ್ತೋಲೆ ಹೇಳುತ್ತದೆ. ಕ್ಲೇಮ್‌ಗೆ ಬೇಕಾದ ದಾಖಲೆಗಳನ್ನು ಆಸ್ಪತ್ರೆಯಿಂದ ಪಡೆಯುವುದು ಕಂಪನಿ ಅಥವಾ ಟಿಪಿಎ ಹೊಣೆ.

ಹಳೆಯ ಕಾಯಿಲೆ ಇದ್ದರೆ?

ಪಾಲಿಸಿ ಪಡೆಯುವ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಕಾಯುವ ಅವಧಿ ಈಗ 36 ತಿಂಗಳು. ಮೊದಲು ಇದು 48 ತಿಂಗಳಿತ್ತು. ಸತತ 60 ತಿಂಗಳು ನವೀಕರಿಸಿಕೊಂಡು ಬಂದ ಪಾಲಿಸಿಯಲ್ಲಿ, ಮಾಹಿತಿ ಮುಚ್ಚಿಟ್ಟಿದ್ದಾರೆ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಇದಕ್ಕೆ ವಿನಾಯಿತಿ. ಮಧ್ಯೆ ವಿಮಾ ಮೊತ್ತ ಹೆಚ್ಚಿಸಿಕೊಂಡಿದ್ದರೆ ಹೆಚ್ಚಿದ ಭಾಗಕ್ಕೆ 60 ತಿಂಗಳು ಹೊಸದಾಗಿ ಲೆಕ್ಕವಾಗುತ್ತದೆ. ಪಾಲಿಸಿಯಲ್ಲಿ ಶಾಶ್ವತವಾಗಿ ಹೊರಗಿಟ್ಟ ಚಿಕಿತ್ಸೆಗಳಿಗೆ ಈ ರಕ್ಷಣೆ ಅನ್ವಯಿಸದು.

ಕಾಯಿಲೆಯನ್ನು ಮೊದಲೇ ತಿಳಿಸಿದ್ದರೆ ಪಾಲಿಸಿದಾರರ ವಾದ ಇನ್ನೂ ಗಟ್ಟಿ. ಅರ್ಜಿದಾರರ ಆರೋಗ್ಯ ಸ್ಥಿತಿ ಅರಿತು ಪಾಲಿಸಿ ನೀಡಿದ ಮೇಲೆ, ಅವರು ತಿಳಿಸಿದ್ದ ಅದೇ ಕಾಯಿಲೆಯ ನೆಪದಲ್ಲಿ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 6ರಂದು ತೀರ್ಪು ನೀಡಿದೆ.

ತಿರಸ್ಕಾರ ಪತ್ರ ಏಕೆ ಮುಖ್ಯ?

ಕಂಪನಿಯ ಒಬ್ಬ ಅಧಿಕಾರಿ ಅಥವಾ ಟಿಪಿಎ ತಾನಾಗಿಯೇ ಕ್ಲೇಮ್ ತಿರಸ್ಕರಿಸುವಂತಿಲ್ಲ. ಕಂಪನಿಯ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಸಮಿತಿ ಅಥವಾ ಅದರ ಮೂವರು ಸದಸ್ಯರ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಯಾವ ಷರತ್ತಿನಡಿ ತಿರಸ್ಕರಿಸಲಾಗಿದೆ ಎಂಬುದನ್ನು ಪಾಲಿಸಿದಾರರಿಗೆ ತಿಳಿಸಬೇಕು.

ಆ ಪತ್ರವೇ ಮುಂದಿನ ಹೋರಾಟದ ಆಧಾರ. ತಿರಸ್ಕಾರ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಗ್ರಾಹಕರ ಆಯೋಗದ ಮುಂದೆ ಮೊದಲ ಬಾರಿಗೆ ಎತ್ತುವಂತಿಲ್ಲ ಎಂದು ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಫೋನ್‌ನಲ್ಲಿ ಬಂದ ‘ಆಗಲ್ಲ’ ಎಂಬ ಉತ್ತರಕ್ಕೆ ಸುಮ್ಮನಾಗದೆ, ಲಿಖಿತ ಉತ್ತರ ಕೇಳಿ ಪಡೆಯಬೇಕು.

ದೂರು ಎಲ್ಲಿ?

* ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಬೇಕು. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್ ಹಾಗೂ 155255 ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು.

* ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಮಿತಿ ₹50 ಲಕ್ಷ.

* ದೂರುದಾರರು ವಾಸಿಸುವ ಸ್ಥಳ ಅಥವಾ ಕಂಪನಿಯ ಶಾಖೆ ಇರುವ ಸ್ಥಳದ ಒಂಬುಡ್ಸ್‌ಮನ್ ಇಬ್ಬರಿಗೂ ಅಧಿಕಾರವಿದೆ. ದೇವಳಾಲಿ, ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಪುಣೆ ಕಚೇರಿಯ ವ್ಯಾಪ್ತಿಗೆ, ಕರ್ನಾಟಕ ಬೆಂಗಳೂರು ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು.

* ಒಂಬುಡ್ಸ್‌ಮನ್ ಆದೇಶ ಕಂಪನಿಗೆ ಕಡ್ಡಾಯ. 30 ದಿನಗಳಲ್ಲಿ ಪಾಲಿಸದಿದ್ದರೆ ದೂರುದಾರರಿಗೆ ದಿನಕ್ಕೆ ₹5,000ದಂತೆ ದಂಡ ಕೊಡಬೇಕು.

* ಗ್ರಾಹಕರ ಆಯೋಗದ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ 2 ವರ್ಷದೊಳಗೆ ದೂರು ನೀಡಬಹುದು. ಆದರೆ ಆಯೋಗದಲ್ಲಿ ಪ್ರಕರಣ ಬಾಕಿ ಇದ್ದಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.

ಮಾಜಿ ಸೈನಿಕರು ಗಮನಿಸಿ

ಸೇನೆಯ ಆರ್ಟಿಲರಿ ಶಾಲೆ ಇರುವ ದೇವಳಾಲಿಯಂಥ ಊರಿನಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ವಿಮಾ ಪಾಲಿಸಿಯಲ್ಲ. 2003ರಿಂದ ಜಾರಿಯಲ್ಲಿರುವ ಈ ಯೋಜನೆಯನ್ನು ರಕ್ಷಣಾ ಸಚಿವಾಲಯ ನಡೆಸುತ್ತದೆ. ಆದ್ದರಿಂದ ಇದರ ಬಿಲ್ ತಕರಾರುಗಳನ್ನು ವಿಮಾ ಒಂಬುಡ್ಸ್‌ಮನ್ ವಿಚಾರಿಸುವುದಿಲ್ಲ. ಅವುಗಳನ್ನು ಇಸಿಎಚ್‌ಎಸ್ ಪಾಲಿಕ್ಲಿನಿಕ್ ಮತ್ತು ಅದರ ಮೇಲಿನ ಕಚೇರಿಗಳಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ಇಸಿಎಚ್‌ಎಸ್ ಜೊತೆಗೆ ಖಾಸಗಿ ಪಾಲಿಸಿಯನ್ನೂ ಹೊಂದಿರುವವರು ಆ ಪಾಲಿಸಿಯ ಕ್ಲೇಮ್‌ಗೆ ಮಾತ್ರ ಮೇಲಿನ ನಿಯಮಗಳನ್ನು ಬಳಸಬಹುದು.