ಕಲ್ಯದ ಕಲ್ಲು, ಅವ್ವನ ಮೀನ್‌ಸಾರು

ಮಾಗಡಿ ಸೀಮೆಯ ಕಲ್ಯ ಚರಿತ್ರೆಗೆ ಬಂದದ್ದು ಬುಕ್ಕರಾಯನ 1368ರ ಶಾಸನದಿಂದ. ಜೈನ-ವೈಷ್ಣವರ ಜಗಳದ ರಾಜಿ. ಇದೇ ರಾಜಿಯ ಶ್ರವಣಬೆಳಗೊಳದ ಶಾಸನದಲ್ಲಿ, ರಾಜ ಜೈನರ ಕೈಯನ್ನು ಯಾರ್ಯಾರ ಕೈಯಲ್ಲಿಟ್ಟನೋ ಆ ಪಟ್ಟಿಯೊಳಗೆ ತಿರುಕುಲ, ಜಾಂಬವಕುಲವೂ ಇವೆ. ಅಂದರೆ ಹೊಲೆಯರು, ಮಾದಿಗರು, ನಾವೇ. ಪಂಡಿತರು ಇದನ್ನು ಧರ್ಮಸಹಿಷ್ಣುತೆ ಅಂತ ಕೊಂಡಾಡಿದರೇ ಹೊರತು ಆ ಕೈಗಳು ಏನು ಉಣ್ಣುತ್ತಿದ್ದವು ಅಂತ ಕೇಳಲಿಲ್ಲ.

ನಮ್ಮವ್ವನ ಕೈ ನೋಡಿ. ಕೆರೆಮೀನಿಗೆ ಬೂದಿ ಹಾಕಿ ಉಜ್ಜಿ, ಉಪ್ಪಲ್ಲಿ ತೊಳೀತಾಳೆ. ಹುಣಸೆಹುಳಿ, ಖಾರ, ಹುರಿದ ಮೆಂತ್ಯ ಕುದ್ದ ಮೇಲೇ ಮೀನು ಬಿಡೋದು. ಆಮೇಲೆ ಸೌಟು ಹಾಕಂಗಿಲ್ಲ, ಮಡಕೆಯನ್ನೇ ಹಿಡಿದು ಅಲ್ಲಾಡಿಸಬೇಕು. ರಾತ್ರಿಯ ಸಾರು ಬೆಳಿಗ್ಗೆ ಮುದ್ದೆಗೆ ಇನ್ನೂ ರುಚಿ.

ಕಲ್ಲು ನೋಡಲು ಬಂದವರು ಈಗೀಗ ನಮ್ಮ ಕೇರಿಯಲ್ಲಿ ನೀರು ಕುಡೀತಾರೆ. ಸಾರು ಅಂದರೆ ಮಾತ್ರ, ‘ಇವತ್ತು ಶನಿವಾರ’ ಅಂತಾರೆ.